ಸಾಲು ಬಾಗಿದ ಜಾಗ

ಜಪಾನಿನ ಕತ್ತಿಯ ಸಾಮಾನು ನೋಡಲು ಸೂರತ್ತಿಗೆ ಹೋಗಿದ್ದೆ ಎಂದರೆ ಬೀದರಿನ ಗೆಳೆಯರು ಇನ್ನೂ ನಂಬುವುದಿಲ್ಲ. ಸೂರತ್ತಿಗೆ ಹೋಗುವವರು ಸೀರೆಗೆ ಹೋಗುತ್ತಾರೆ, ಜರಿಗೆ ಹೋಗುತ್ತಾರೆ, ವಜ್ರದ ವ್ಯಾಪಾರಕ್ಕೆ ಹೋಗುತ್ತಾರೆ. ನಾನು ಹೋದದ್ದು ಅಂಗೈಯಲ್ಲಿ ಹಿಡಿಸುವ ಒಂದು ಲೋಹದ ಬಿಲ್ಲೆಗಾಗಿ. ತ್ಸುಬಾ ಎನ್ನುತ್ತಾರೆ ಅದಕ್ಕೆ. ಕತ್ತಿಯ ಅಲಗಿಗೂ ಹಿಡಿಗೂ ನಡುವೆ ಕೂತು, ಹಿಡಿದವನ ಕೈ ಅಲಗಿನತ್ತ ಜಾರದಂತೆ ತಡೆಯುವುದು ಅದರ ಕೆಲಸ. ಆ ಕೆಲಸಕ್ಕೆ ಬರೀ ಕಬ್ಬಿಣದ ತುಂಡು ಸಾಕಿತ್ತು. ಆದರೆ ಜಪಾನಿನ ಅಕ್ಕಸಾಲಿಗರು ನಾಲ್ಕೈದು ನೂರು ವರ್ಷ ತಮ್ಮ ಬುದ್ಧಿಯನ್ನೆಲ್ಲ ಆ ಬಿಲ್ಲೆಯ ಮೇಲೆ ಸುರಿದರು.

ಈ ಹುಚ್ಚು ಹತ್ತಿದ್ದು ಹೈದರಾಬಾದಿನಲ್ಲಿ. ಬೀದರಿನವರಿಗೆ ಅದು ದೂರದ ಊರಲ್ಲ. ಆಸ್ಪತ್ರೆಗೂ ಮದುವೆ ಜವಳಿಗೂ ಅಲ್ಲಿಗೇ ಹೋಗುತ್ತೇವೆ, ಮಕ್ಕಳನ್ನು ಕರೆದೊಯ್ದರೆ ಸಾಲಾರ್ ಜಂಗ್ ಮ್ಯೂಸಿಯಂ ತೋರಿಸದೆ ವಾಪಸಾಗುವುದಿಲ್ಲ. ಅಲ್ಲಿ ಸಮುರಾಯಿಗಳ ಕತ್ತಿಗಳಿವೆ, ಉದ್ದನೆಯ ಕತಾನಾ, ಗಿಡ್ಡನೆಯ ವಾಕಿಝಾಶಿ. ಜನ ಅಲಗು ನೋಡುತ್ತಿದ್ದರು, ನನ್ನ ಕಣ್ಣು ಹೋದದ್ದು ಹಿಡಿಯ ಸುತ್ತಲಿನ ಕಪ್ಪಿನ ಕಡೆಗೆ. ಬೀದರಿನಲ್ಲಿ ಬೆಳೆದವರಿಗೆ ಕಪ್ಪು ಲೋಹ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ನಮ್ಮ ಬಿದ್ರಿಯ ಕಪ್ಪು ಸತುವಿನದು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕದಡಿದ ನೀರಿನಿಂದ ಬಣ್ಣ ಬರಿಸುತ್ತಾರೆ. ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಜಪಾನಿನ ಕಪ್ಪು ತಾಮ್ರದ್ದು. ನೂರು ಪಾಲಿನಲ್ಲಿ ಮೂರು ನಾಲ್ಕು ಪಾಲು ಚಿನ್ನ ಬೆರೆತ ಆ ತಾಮ್ರಕ್ಕೆ ಶಾಕುದೋ ಎಂದು ಹೆಸರು. ಅದಕ್ಕೆ ತುರಿದ ಮೂಲಂಗಿಯ ರಸ ಸವರಿ, ತಾಮ್ರದ ಕಿಲುಬು, ಮೈಲುತುತ್ತ ಹಾಕಿದ ನೀರಿನಲ್ಲಿ ಕುದಿಸಿದರೆ ಕಾಗೆಯ ರೆಕ್ಕೆಯ ನೀಲಿಗಪ್ಪು ಬರುತ್ತದೆ. ಮೈಲುತುತ್ತ ನಮ್ಮ ಬಿದ್ರಿಯವರಿಗೂ ಬೇಕು, ಕೊರೆಯುವ ಮುಂಚೆ ಮೈಯನ್ನು ಕಪ್ಪಾಗಿಸಿ ಗೆರೆ ಕಾಣುವಂತೆ ಮಾಡಿಕೊಳ್ಳಲು. ಇಷ್ಟು ತಿಳಿದ ಮೇಲೆ ನನಗೆ ಜಪಾನು ಪರದೇಶ ಅನ್ನಿಸಲಿಲ್ಲ.

ಸೂರತ್ತಿನ ಬಳಿಯ ಹಜೀರಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗ ಒಂದು ದಿನ ಫೋನು ಮಾಡಿದ. “ಅಣ್ಣಾ, ಕತಾರ್‌ಗಾಮಿನಲ್ಲಿ ಒಬ್ಬ ಹಿರಿಯರ ಪರಿಚಯವಾಗಿದೆ. ಕೋಬೆಯಲ್ಲಿ ಮುತ್ತಿನ ವ್ಯಾಪಾರ ಮಾಡಿ ಬಂದವರು. ನೀವು ಹೇಳ್ತಿರ್ತೀರಲ್ಲ, ಅಂಥ ಬಿಲ್ಲೆಗಳು ಅವರ ಹತ್ತಿರ ಇವೆ.” ಕೋಬೆ ಎಂದಕೂಡಲೆ ಮಾತಿನಲ್ಲಿ ನಂಬಿಕೆ ಬಂತು. ಜಪಾನಿನ ಮುತ್ತಿನ ವ್ಯಾಪಾರದ ಕೇಂದ್ರವಾದ ಆ ಬಂದರಿನಲ್ಲಿ ಗುಜರಾತಿನ ಜೈನ ಕುಟುಂಬಗಳು ಬಹಳ ಕಾಲದಿಂದ ನೆಲೆಸಿವೆ. ಅಲ್ಲಿಯ ಕಿತಾನೋ ಬಡಾವಣೆಯಲ್ಲಿ 1985ರಲ್ಲಿ ಅಮೃತಶಿಲೆಯ ಜಿನಾಲಯವನ್ನೂ ಕಟ್ಟಿಕೊಂಡಿದ್ದಾರೆ.

ಹೋಗುವುದೇ ಆದರೆ ಗುಜರಾತಿನ ಹಳೆಯ ಲೋಹವನ್ನೂ ಕಂಡು ಹೋಗೋಣವೆಂದು ಮೊದಲು ಅಹಮದಾಬಾದಿನಲ್ಲಿ ಇಳಿದೆ. ಸಾಬರಮತಿ ದಂಡೆಯ ರವಿವಾರಿ ಸಂತೆಯಲ್ಲಿ ಹಳೆಯ ತಕ್ಕಡಿ, ಬೀಗ, ಹೊಲಿಗೆ ಯಂತ್ರಗಳ ನಡುವೆ ಒಂದು ಖಡ್ಗ ಬಿದ್ದಿತ್ತು. ಮಾರುವವನು ಅದನ್ನು ಮರಳು ಕಾಗದದಿಂದ ಉಜ್ಜಿ ಉಜ್ಜಿ ಸ್ಟೀಲಿನ ತಟ್ಟೆಯ ಹೊಳಪು ತಂದಿದ್ದ. ಮಾರಾಟವಾಗಲಿ ಎಂದು ಮಾಡಿದ ಕೆಲಸ, ಅವನನ್ನು ದೂರಲಾರೆ. ಆದರೆ ಆ ಉಕ್ಕಿನ ಮೈಮೇಲೆ ಏನು ಬರೆದಿತ್ತೋ ಅದೆಲ್ಲ ಅಳಿದುಹೋಗಿತ್ತು. ಜಪಾನಿನಲ್ಲಿ ಕತ್ತಿಯ ಹಿಡಿಯೊಳಗೆ ಅಡಗುವ ಬುಡದ ತುಕ್ಕನ್ನು ಯಾರೂ ಮುಟ್ಟುವುದಿಲ್ಲ. ಆ ತುಕ್ಕಿನ ಬಣ್ಣ ನೋಡಿಯೇ ವಯಸ್ಸು ಹೇಳುತ್ತಾರೆ, ಕಮ್ಮಾರನ ಹೆಸರು ಕೆತ್ತಿರುವುದೂ ಅಲ್ಲೇ. ಅದನ್ನು ತಿಕ್ಕಿ ಬೆಳಗಿದರೆ ಕತ್ತಿಯ ಅರ್ಧ ಬೆಲೆ ಹೋಯಿತೆಂದೇ ಲೆಕ್ಕ.

ಎಡೋ ಕಾಲದ ಮೊದಲ ಭಾಗದಲ್ಲಿ ಜಪಾನನ್ನು ಆಳಿದ ತೊಕುಗಾವಾ ಇಯೆಯಾಸುವಿನ ಆಶ್ರಯದಲ್ಲಿದ್ದ ಎಚಿಝೆನ್ ಯಾಸುತ್ಸುಗು ಎಂಬ ಕಮ್ಮಾರ ತನ್ನ ಹಲವು ಕತ್ತಿಗಳ ಬುಡದಲ್ಲಿ ಹೊರದೇಶದ ಕಬ್ಬಿಣ ಬಳಸಿ ಮಾಡಿದ್ದೆಂದು ಕೆತ್ತಿದ್ದಾನೆ. ಯುರೋಪಿನ ಹಡಗುಗಳು ಒಯ್ದ ಆ ಕಬ್ಬಿಣದಲ್ಲಿ ಭಾರತದ ಉಕ್ಕೂ ಇತ್ತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ನಮ್ಮ ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಉಕ್ಕು ಕರಗಿಸಿದ ಮಣ್ಣಿನ ಮೂಸೆಗಳು ರಾಶಿಯಾಗಿ ಸಿಕ್ಕಿವೆ. ಮೂಸೆಗಳು ಉಳಿದವು. ಅವುಗಳ ಮುಂದೆ ಬೆವರಿದವರ ಒಂದು ಹೆಸರೂ ಉಳಿದಿಲ್ಲ. ಹೊರಗಿನಿಂದ ಬಂದ ಕಬ್ಬಿಣಕ್ಕೂ ಮರ್ಯಾದೆಯಿಂದ ಒಂದು ಸಾಲು ಕೆತ್ತಿದ ಆ ಜಪಾನಿನವನ ಮೇಲೆ ನನಗೆ ಪ್ರೀತಿ ಹುಟ್ಟುವುದು ಇದಕ್ಕೇ.

ವಡೋದರಾದಲ್ಲಿ ಸಯಾಜಿ ಬಾಗಿನ ಮ್ಯೂಸಿಯಂ. ಮೂರನೆಯ ಸಯಾಜಿರಾವ್ ಗಾಯಕವಾಡ್ ಕಟ್ಟಿಸಿದ್ದು, 1894ರಲ್ಲಿ ತೆರೆದದ್ದು. ಶಾಲೆಯ ಮಕ್ಕಳು ಈಜಿಪ್ಟಿನ ಮಮ್ಮಿಯ ಮುಂದೆ, 1944ರಲ್ಲಿ ಮಹೀ ನದಿಯ ಮುಖದಲ್ಲಿ ಸಿಕ್ಕ ನೀಲಿ ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ಗುಂಪಾಗಿದ್ದರು. ಜಪಾನ್ ವಿಭಾಗದಲ್ಲಿ ನಾನೊಬ್ಬನೇ. ಸಯಾಜಿರಾಯರು 1910ರಲ್ಲಿ ಜಪಾನಿಗೆ ಹೋಗಿ ಬಂದಿದ್ದರು. ಅದಕ್ಕೆ 34 ವರ್ಷ ಹಿಂದೆ, 1876ರಲ್ಲಿ, ಮೇಜಿ ಸರಕಾರ ಸಮುರಾಯಿಗಳು ಸೊಂಟಕ್ಕೆ ಕತ್ತಿ ಕಟ್ಟಿ ಓಡಾಡುವುದನ್ನು ನಿಷೇಧಿಸಿತ್ತು. ಕತ್ತಿಯೇ ಬೇಡವಾದಮೇಲೆ ತ್ಸುಬಾ ಯಾರಿಗೆ ಬೇಕು? ಅದನ್ನೇ ನಂಬಿದ್ದ ಮನೆತನಗಳ ಅನ್ನ ಹೋಯಿತು. ಕೆಲವರು ಹೂದಾನಿ, ಡಬ್ಬಿ, ಸಿಗರೇಟು ಪೆಟ್ಟಿಗೆಗಳತ್ತ ತಿರುಗಿ ಪರದೇಶದ ಗಿರಾಕಿಗಳಿಗೆ ಮಾಡತೊಡಗಿದರು. ಕಾನೋ ನಾತ್ಸುಒ ಎಂಬ ಆ ಕಾಲದ ದೊಡ್ಡ ಕುಶಲಕರ್ಮಿ ಹೊಸ ನಾಣ್ಯಗಳ ಅಚ್ಚಿಗೆ ಚಿತ್ತಾರ ಕೆತ್ತಿದವನು. ಹಾಗಾಗಿ ಆ ಕಾಲದ ಜಪಾನಿ ಲೋಹದ ಕೆಲಸ ಎಲ್ಲಿ ಕಂಡರೂ ನಾನು ಅದರೊಳಗೆ ಕತ್ತಿಯ ಸಾಮಾನಿನವನ ಕೈ ಹುಡುಕುತ್ತೇನೆ. ಹೈದರಾಬಾದಿನ ದರಬಾರು ಹೋದಮೇಲೆ ಹುಕ್ಕಾದ ಬುಡ ಬಿಟ್ಟು ಕಫ್‌ಲಿಂಕು, ಕೀಚೈನು, ಪೆನ್‌ಡ್ರೈವಿನ ಮೇಲೆಲ್ಲ ಬಿದ್ರಿ ಕೂರಿಸಿದ ನಮ್ಮ ಊರಿನವರ ಪಾಡೂ ಇದೇ. ಕೈ ಬದುಕಲು ದಾರಿ ಹುಡುಕುತ್ತದೆ.

ಸೂರತ್ ಮುಟ್ಟಿದಾಗ ಉತ್ತರಾಯಣ ಹತ್ತಿರವಿತ್ತು. ಬೀದಿಬೀದಿಯಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ಗುಲಾಬಿ ಬಣ್ಣ ಎಳೆಯುತ್ತಿದ್ದರು. ತಾಪಿ ದಂಡೆಯಲ್ಲಿ ಪೋಂಕಿನ ಅಂಗಡಿಗಳು. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಹಸಿರು ಕಾಳು ಬೇರೆಮಾಡಿ ಸೇವಿನ ಜೊತೆ ಕೊಡುತ್ತಾರೆ, ಮೇಲೆ ನಿಂಬೆರಸ. ಬಾಯಿಗೆ ಹಾಕಿದವನೇ “ಇದು ನಮ್ಮ ಸೀತನಿ” ಎಂದುಬಿಟ್ಟೆ. ಹೊಲದ ಬದುವಿನಲ್ಲಿ ಕುಳ್ಳಿನ ಬೆಂಕಿ ಹಾಕಿ, ತೆನೆ ಸುಟ್ಟು, ಅಂಗೈಯಲ್ಲೇ ತಿಕ್ಕಿ, ಶೇಂಗಾ ಚಟ್ನಿಯೋ ಬೆಲ್ಲವೋ ಕಲಸಿ ತಿನ್ನುವ ಅದೇ ಸೀತನಿ. ನಮ್ಮಲ್ಲಿ ಅದನ್ನು ಮಾರುವುದಿಲ್ಲ, ಹೊಲಕ್ಕೆ ಕರೆದು ತಿನ್ನಿಸುತ್ತಾರೆ. ಇಲ್ಲಿ ಊರಿಗೆ ಊರೇ ಸಂಜೆ ಕಾರು ನಿಲ್ಲಿಸಿಕೊಂಡು ತಿನ್ನುತ್ತಿತ್ತು. ಹಜೀರಾದ ಹುಡುಗ ಎರಡನೆಯ ತಟ್ಟೆ ಹೇಳಿದ.

ಕತಾರ್‌ಗಾಮ್ ಒಂದು ಕಾಲಕ್ಕೆ ಊರಾಚೆಯ ಹಳ್ಳಿ. ಅಲ್ಲಿಯ ಪಾಪಡಿ, ಅಂದರೆ ನಮ್ಮ ಅವರೆಯ ಬಳಗದ ಕಾಯಿ, ಬೀಳದೆ ಸೂರತ್ತಿನವರ ತರಕಾರಿ ಅಡುಗೆ ಉಂಧಿಯು ಉಂಧಿಯು ಆಗುವುದಿಲ್ಲವಂತೆ. ಈಗ ಹೊಲಗಳ ಜಾಗದಲ್ಲಿ ವಜ್ರದ ಕಾರಖಾನೆಗಳು ನಿಂತಿವೆ. ಜಗತ್ತಿನ ವಜ್ರಗಳ ಬಹುಪಾಲು ಈ ಊರಿನಲ್ಲೇ ಸಾಣೆ ಹಿಡಿಸಿಕೊಳ್ಳುತ್ತವೆ. ಹುಡುಗ ಹೇಳಿದ್ದ ಹಿರಿಯರ, ಅಂದರೆ ಕಾಕಾ ಅವರ ಮನೆ ಅಂಥದೇ ಒಂದು ಓಣಿಯಲ್ಲಿ. ಕೆಳಗೆ ಮಗನ ಸಣ್ಣ ಕಾರಖಾನೆ, ಮೇಲೆ ಮನೆ. ಮೇಲೆ ಹತ್ತುವ ಮೊದಲು ಅವರೇ ನನ್ನನ್ನು ಕೆಳಗೆ ನಿಲ್ಲಿಸಿ, “ಭಾಯ್, ಮೊದಲು ಇವರನ್ನು ನೋಡಿ” ಎಂದರು. ಒಂದೊಂದು ಘಂಟಿಯ, ಅಂದರೆ ಸಾಣೆಯ ಮೇಜಿನ, ಸುತ್ತ ನಾಲ್ಕು ನಾಲ್ಕು ಜನ. ನಡುವೆ ತಿರುಗುವ ಎರಕದ ಕಬ್ಬಿಣದ ಚಕ್ರ, ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ. ಕಲ್ಲನ್ನು ಕೊಕ್ಕೆಯ ತುದಿಗೆ ಕಚ್ಚಿಸಿ ಚಕ್ರಕ್ಕೆ ತಾಗಿಸುವುದು, ಎತ್ತುವುದು, ಕಣ್ಣುಗಾಜಿನಲ್ಲಿ ನೋಡುವುದು, ಮತ್ತೆ ತಾಗಿಸುವುದು. ವಜ್ರಕ್ಕೂ ಮರದ ಹಾಗೆ ನಾರಿನ ದಿಕ್ಕಿದೆ. ಒಂದು ದಿಕ್ಕಿನಲ್ಲಿ ಸವೆಯುತ್ತದೆ, ಇನ್ನೊಂದರಲ್ಲಿ ಚಕ್ರವನ್ನೇ ತಿನ್ನುತ್ತದೆ. ಆ ದಿಕ್ಕು ಕೈಗೆ ಗೊತ್ತಾಗಬೇಕು. ಕೆಳಭಾಗಕ್ಕೆ ತಳಿಯಾ, ಮೇಲ್ಭಾಗಕ್ಕೆ ಮಥಾಳಾ, ಒಂದೊಂದು ಮುಖಕ್ಕೆ ಪೇಲ್. ದುಂಡು ವಜ್ರವೊಂದಕ್ಕೆ 57 ಅಥವಾ 58 ಪೇಲ್. ಎಲ್ಲ ಮುಗಿದಮೇಲೆ ಯಾರು ಮಾಡಿದರೆಂಬ ಗುರುತು ಕಲ್ಲಿನ ಮೇಲೆ ಎಲ್ಲೂ ಉಳಿಯಬಾರದು, ಅದೇ ಕೆಲಸದ ಹೆಚ್ಚುಗಾರಿಕೆ.

ಕೆಲವು ಘಂಟಿಗಳ ಮೇಲೆ ಬಟ್ಟೆ ಹೊದಿಸಿತ್ತು. ಕೆಲಸ ಕಡಿಮೆಯಾಗಿದೆ ಎಂದಷ್ಟೇ ಕಾಕಾ ಹೇಳಿದರು. ನಾನೂ ಕೆದಕಲಿಲ್ಲ.

ಮೇಲೆ ಚಹಾ, ಖಾಕರಾ ಬಂದವು. ಕಾಕಾ ಕಪಾಟಿನಿಂದ ವಜ್ರ ಕಟ್ಟಿಡುವ ಕಾಗದದ ಪೊಟ್ಟಣಗಳನ್ನೇ ತಂದು ಬಿಳಿಯ ಬಟ್ಟೆಯ ಮೇಲೆ ಬಿಚ್ಚಿದರು. ಹಿಡಿಯ ಮೇಲೆ ಕೂರುವ ಮೆನುಕಿ ಜೋಡಿ, ಹಿಡಿಯ ಕೊರಳಿಗೆ ತೊಡಿಸುವ ಫುಚಿ, ತುದಿಗೆ ತೊಡಿಸುವ ಕಾಶಿರಾ, ಮೂರು ತ್ಸುಬಾ. ಅಲಗು ಒಂದೂ ಇಲ್ಲ. ಕೇಳಿದೆ. “ಕತ್ತಿ ಮನೆಯೊಳಗೆ ಬರಕೂಡದು ಅಂತ ನಮ್ಮ ಬಾ ಹೇಳಿದ್ದರು” ಎಂದರು, ತಾಯಿಯನ್ನು ನೆನೆದು. “ಹಿಡಿಗೆ ಮೀನಿನ ಚರ್ಮ ಸುತ್ತಿರುತ್ತಾರೆ, ಅದೂ ನಮಗಾಗದು. ಲೋಹಕ್ಕೆ ಏನು ದೋಷ?” ಅಹಿಂಸೆಯ ಮನೆತನದಲ್ಲಿ ಕತ್ತಿಯ ಒಡವೆ ಮಾತ್ರ, ಕತ್ತಿಯಿಲ್ಲದೆ, ಇಷ್ಟು ವರ್ಷ ಉಳಿದದ್ದು ನನಗೆ ಸರಿಯೆನ್ನಿಸಿತು. ರಕ್ತ ಹರಿಸುವ ವಸ್ತುವಿನಿಂದ ಚೆಲುವನ್ನು ಬೇರೆ ಮಾಡಬಹುದೇ ಎಂದು ಹಲವರು ನನ್ನನ್ನು ಕೇಳಿದ್ದುಂಟು. ಈ ಕಾಕಾ ಬೇರೆ ಮಾಡಿ ಕಾಗದದಲ್ಲಿ ಕಟ್ಟಿ ಇಟ್ಟಿದ್ದರು.

ಆದರೆ ಅಲಗನ್ನು ಅವರು ನೋಡಿಲ್ಲವೆಂದಲ್ಲ. ಕೋಬೆಯ ನೆರೆಮನೆಯವರೊಬ್ಬರು ವರ್ಷಕ್ಕೊಮ್ಮೆ ಕತ್ತಿಯ ಹಳೆ ಎಣ್ಣೆ ಒರೆಸಿ ಹೊಸದಾಗಿ ಲವಂಗದ ವಾಸನೆಯ ಎಣ್ಣೆ ಸವರುವಾಗ ಇವರನ್ನು ಕರೆಯುತ್ತಿದ್ದರಂತೆ. ಮೊದಲು ಕತ್ತಿಗೆ ತಲೆಬಾಗಬೇಕು. ಅಲಗಿನ ಮೇಲೆ ಉಸಿರು ಬೀಳದಂತೆ ಬಾಯಿ ಮುಚ್ಚಿಕೊಂಡಿರಬೇಕು. ದೀಪಕ್ಕೆ ಓರೆಯಾಗಿ ಹಿಡಿದರೆ ಅಂಚಿನ ಉದ್ದಕ್ಕೂ ಮಂಜಿನ ಗೆರೆಯಂಥ ಹಾಮೋನ್ ಕಾಣುತ್ತದೆ. ಅಲಗನ್ನು ಕಾಯಿಸಿ ನೀರಿಗೆ ಅದ್ದಿದಾಗ ಮಣ್ಣಿನ ಲೇಪ ತೆಳುವಾಗಿದ್ದ ಅಂಚು ಬೇಗ ಆರಿ ಗಟ್ಟಿಯಾಗುತ್ತದೆ, ಲೇಪ ದಪ್ಪವಿದ್ದ ಬೆನ್ನು ಮೆತ್ತಗುಳಿಯುತ್ತದೆ. ಆ ಎರಡರ ಗಡಿಯೇ ಹಾಮೋನ್. ಕಮ್ಮಾರ ಅದನ್ನು ಹುಟ್ಟಿಸುತ್ತಾನೆ, ಕಾಣಿಸುವವನು ಸಾಣೆಯವನು, ತೊಗಿಶಿ. ಒರಟು ಕಲ್ಲಿನಿಂದ ಹಿಡಿದು ಕ್ಯೋಟೋ ಬಳಿಯ ಗಣಿಯ ಉಚಿಗುಮೊರಿ ಎಂಬ ನಯವಾದ ಕಲ್ಲಿನವರೆಗೆ ಬಂದು, ಕೊನೆಗೆ ಆ ಕಲ್ಲಿನದೇ ತೆಳು ಬಿಲ್ಲೆಯನ್ನು ಹೆಬ್ಬೆರಳಿನಡಿ ಇಟ್ಟುಕೊಂಡು ಅಲಗಿನ ಉದ್ದಕ್ಕೂ ಉಜ್ಜುತ್ತಾನೆ. ಅವನು ಹೆಸರು ಕೆತ್ತುವುದಿಲ್ಲ. ಹಬಾಕಿಯೆಂಬ ಲೋಹದ ಪಟ್ಟಿಯ ಕೆಳಗೆ, ಅದನ್ನು ಕಳಚಿದರೆ ಮಾತ್ರ ಕಾಣುವಂತೆ, ಕೂದಲೆಳೆಯ ಕೆಲವು ಹೊಳಪು ಗೆರೆ ಎಳೆದು ಬಿಡುತ್ತಾನೆ. ನೆರೆಮನೆಯವರು ಮೊದಲು ತೋರಿಸುತ್ತಿದ್ದುದು ಆ ಗೆರೆಗಳನ್ನಂತೆ. “ಹೀರಾ ಉಜ್ಜುವವನ ಮಗ ನಾನು. ನನಗೆ ಹಾಮೋನ್‌ಗಿಂತ ಆ ಗೆರೆ ಹೆಚ್ಚು ಕಂಡಿತು” ಎಂದರು ಕಾಕಾ.

ನನ್ನ ಕೈಗೆ ಬಂದ ತ್ಸುಬಾ ಶಾಕುದೋದ್ದು. ನೀಲಿಗಪ್ಪು ಮೈತುಂಬ ನಾನಾಕೋ: ಮೀನಿನ ಮೊಟ್ಟೆಯಂಥ ಸಣ್ಣ ಗುಂಡುಗಳ ಸಾಲುಸಾಲು. ಒಂದೊಂದು ಗುಂಡನ್ನೂ ಬಟ್ಟಲು ತುದಿಯ ಉಳಿ ಇಟ್ಟು ಒಂದೊಂದು ಪೆಟ್ಟಿನಿಂದ ಎಬ್ಬಿಸಬೇಕು, ಪಕ್ಕದ ಗುಂಡಿಗೆ ತಾಗಿಯೂ ತಾಗದಂತೆ. ಅದರ ಮೇಲೆ ಚಿನ್ನದ ಸೇವಂತಿಗೆ. ನಡುವಿನ ತೂತಿನ ಎರಡು ತುದಿಯಲ್ಲಿ ಮೆತ್ತನೆಯ ತಾಮ್ರದ ಚೂರು ಬಡಿದು ಕೂರಿಸಿದ್ದರು. ಅಲಗು ಬದಲಾದಾಗ ತೂತನ್ನು ಹೊಂದಿಸಲು ಮಾಡುವ ಕೆಲಸ ಅದು. ಅಂದರೆ ಈ ಬಿಲ್ಲೆ ಒಂದಕ್ಕಿಂತ ಹೆಚ್ಚು ಕತ್ತಿಗಳ ಜೊತೆ ಬಾಳಿದೆ. ನಾನು ಆ ತಾಮ್ರವನ್ನೇ ನೋಡುತ್ತ ಕೂತಿದ್ದಾಗ ಕಾಕಾ ಕೆಳಗಿನಿಂದ ಒಬ್ಬ ಹುಡುಗನನ್ನು ಕರೆಸಿದರು. ಭಾವನಗರದ ಕಡೆಯ ಹುಡುಗ, ಮಥಾಳಾ ಕೆಲಸದವನು. ಜಪಾನು, ಸಮುರಾಯಿ ಏನನ್ನೂ ಹೇಳದೆ ತ್ಸುಬಾವನ್ನು ಅವನ ಕೈಯಲ್ಲಿಟ್ಟರು.

ಅವನು ಹತ್ತು ಪಟ್ಟಿನ ಕಣ್ಣುಗಾಜನ್ನು ಕಣ್ಣಿಗೆ ಹಚ್ಚಿ, ಬಿಲ್ಲೆಯನ್ನು ಬೆಳಕಿಗೆ ತಿರುಗಿಸುತ್ತ ಬಹಳ ಹೊತ್ತು ನೋಡಿದ. ಚಿನ್ನದ ಹೂವಿನ ಮೇಲೆ ಕಣ್ಣು ನಿಲ್ಲಿಸಲೇ ಇಲ್ಲ. ಆಮೇಲೆ ಉಗುರಿನ ತುದಿಯಿಂದ ಒಂದು ಜಾಗ ತೋರಿಸಿ, “ಇಲ್ಲಿ ಸಾಲು ಬಾಗಿದೆ” ಎಂದ. ಗಾಜು ತೆಗೆದುಕೊಂಡು ನೋಡಿದೆ. ಅಂಚಿನ ಹತ್ತಿರ, ಹೂವಿನ ಎಲೆಯ ಕೆಳಗೆ, ಐದಾರು ಗುಂಡುಗಳು ಸಾಲು ಬಿಟ್ಟು ಕೂದಲೆಳೆಯಷ್ಟು ಸರಿದಿದ್ದವು, ಮುಂದೆ ಮತ್ತೆ ನೆಟ್ಟಗಾಗಿದ್ದವು. “ಇಲ್ಲಿ ಅವನ ಕೈ ದಣಿದಿತ್ತು. ಎದ್ದು ಹೋಗಿ ಬಂದಿದ್ದಾನೆ. ಬಂದ ಮೇಲೆ ಸರಿ ಮಾಡಿಕೊಂಡಿದ್ದಾನೆ.”

ಮೂವತ್ತು ವರ್ಷ ಈ ವಸ್ತುಗಳ ಬಗ್ಗೆ ಓದಿದವನಿಗೂ ಅದು ಕಂಡಿರಲಿಲ್ಲ, ಕಾಕಾ ಅವರಿಗೂ ಕಂಡಿರಲಿಲ್ಲ. ಒಂದು ತ್ಸುಬಾ ಮಾಡಲು ಹಲವು ಕೈ ಸೇರುತ್ತಿದ್ದವು. ಹೆಸರು ಕೆತ್ತುವವನು ಚಿತ್ತಾರದ ಗುರು, ನಾನಾಕೋ ಎಬ್ಬಿಸುವವನು ಎಷ್ಟೋ ಸಲ ಬೇರೆಯವನು, ಅದೊಂದೇ ಕೆಲಸ ಮಾಡುವವನು. ಅವನ ಹೆಸರು ಬಿಲ್ಲೆಯ ಮೇಲೆ ಬರುವುದಿಲ್ಲ. ಆ ಹೆಸರಿಲ್ಲದವನ ದಣಿವನ್ನು ಒಬ್ಬ ಕಂಡದ್ದು ಕತಾರ್‌ಗಾಮಿನಲ್ಲಿ, ಅವನೂ ಹೆಸರು ಉಳಿಯದ ಕೆಲಸದವನು. ನನ್ನನ್ನು ಈ ಪ್ರವಾಸ ಬಿಡದೆ ಕಾಡುತ್ತಿರುವುದು ಇದಕ್ಕೆ. ಹಳೆಯ ವಸ್ತುಗಳನ್ನು ಮೆಚ್ಚುವ ಹಕ್ಕು ಕೊಳ್ಳುವ ಶಕ್ತಿಯಿದ್ದವರದು, ಓದಿದವರದು ಎಂದು ನಾವು ಸುಮ್ಮನೆ ಒಪ್ಪಿಕೊಂಡಿದ್ದೇವೆ. ಗಾಜಿನ ಕಪಾಟಿನ ಆಚೆ ವಸ್ತು, ಈಚೆ ನಾವು. ಎಲ್ಲರಿಗಿಂತ ಚೆನ್ನಾಗಿ ನೋಡಬಲ್ಲ ಕಣ್ಣು ಘಂಟಿಯ ಮುಂದೆ, ಸಾಣೆಯ ಮುಂದೆ ಬಗ್ಗಿ ಕೂತಿರುತ್ತದೆ. ಅವರ ಕೈಗೆ ಯಾರೂ ವಸ್ತುವನ್ನು ಕೊಡುವುದಿಲ್ಲ.

ಮರುದಿನ ಕತಾರ್‌ಗಾಮ್ ದರ್ವಾಜಾದ ಕಡೆ ಇರುವ ಡಚ್ಚರ ಸ್ಮಶಾನಕ್ಕೆ ಹೋದೆ. ಜೋಡಿ ಗುಮ್ಮಟದ, ಕಂಬಸಾಲಿನ ದೊಡ್ಡ ಗೋರಿ ವಾನ್ ರೀಡನದು. ಮಲಬಾರಿನ ಗಿಡಮೂಲಿಕೆಗಳ ಬಗ್ಗೆ 12 ಸಂಪುಟಗಳ ‘ಹೊರ್ಟುಸ್ ಮಲಬಾರಿಕುಸ್’ ಹೊರತರಿಸಿದವನು, 1691ರಲ್ಲಿ ಸೂರತ್ತಿಗೆ ಬರುವ ದಾರಿಯಲ್ಲಿ ಹಡಗಿನಲ್ಲೇ ತೀರಿಕೊಂಡವನು. ನನಗೆ ಅಲ್ಲಿ ಕಣ್ಣಿಗೆ ಕಟ್ಟಿದ್ದು ಅವನು ದುಡಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು. 1641ರಿಂದ ಜಪಾನಿನಲ್ಲಿ ಡಚ್ಚರಿಗೆ ನಾಗಾಸಾಕಿಯ ದೆಜಿಮಾ ಎಂಬ ಕಟ್ಟಿದ ನಡುಗಡ್ಡೆಯಲ್ಲಿ ಮಾತ್ರ ವಾಸ. ಅಲ್ಲಿಂದ ಹೊರಟ ಜಪಾನಿನ ತಾಮ್ರದ ಪಟ್ಟಿಗಳು ಸೂರತ್ತಿನ ಪೇಟೆಯಲ್ಲಿ ಮಾರಾಟವಾದವು. ಇಲ್ಲಿಯ ಚಿತ್ತಾರದ ಹತ್ತಿಬಟ್ಟೆ ಅಲ್ಲಿ ಸಾರಾಸಾ ಎಂಬ ಹೆಸರಿನಲ್ಲಿ ಚಹಾಕೂಟದ ಮನೆಗಳವರೆಗೆ ಹೋಯಿತು. ಕತ್ತಿಯ ಹಿಡಿಗೆ ಸುತ್ತುವ ತಿರಂಡಿ ಮೀನಿನ ಚರ್ಮವನ್ನೂ ಏಷ್ಯಾದ ಬೇರೆ ಬಂದರುಗಳಿಂದ ಅದೇ ಕಂಪನಿ ಒಯ್ದು ಮಾರುತ್ತಿತ್ತು. ಗೋರಿಯ ಮೆಟ್ಟಿಲ ಮೇಲೆ ಹುಡುಗರು ಗಾಳಿಪಟಕ್ಕೆ ಸೂತ್ರ ಕಟ್ಟುತ್ತಿದ್ದರು.

ಹೊರಡುವ ಸಂಜೆ ಕಾಕಾಗೆ ನಾನು ಒಯ್ದಿದ್ದ ಸಣ್ಣ ಬಿದ್ರಿ ಡಬ್ಬಿ ಕೊಟ್ಟೆ. ಅವರು ಅದನ್ನು ತಿರುಗಿಸಿ ತಳ ನೋಡಿದರು. ಹೆಸರು ಹುಡುಕುತ್ತಿದ್ದಾರೆಂದು ಗೊತ್ತಾಯಿತು, ಅಲ್ಲಿ ಹೆಸರಿರಲಿಲ್ಲ. “ಮಾಡಿದವರು ನಿಮಗೆ ಗೊತ್ತೇ?” ಎಂದರು. ಗೊತ್ತು ಎಂದೆ. ಸಿದ್ದಿಕ್ ತಾಲೀಮ್ ಬೀದಿಯಲ್ಲಿ ಕೂತು ಕೊರೆಯುವವರು, ದಿನಾ ಸಲಾಮು ಹೇಳುವಷ್ಟು ಪರಿಚಯ. ಹಾಗಾದರೆ ಅವರೆದುರಿಗೇ ಕೂತು ಇದನ್ನು ನೋಡಬೇಕು ಎಂದರು ಕಾಕಾ. ಬೇಸಿಗೆಗೆ ಮುಂಚೆ ಬೀದರಿಗೆ ಬರುತ್ತಾರೆ. ನಾನು ಹೇಳಿದ ಮೇಲೆ ಭಾವನಗರದ ಹುಡುಗನಿಗೂ ರಜೆ ಕೊಡಿಸಿ ಕರೆತರಲು ಒಪ್ಪಿದ್ದಾರೆ. ಶಾಕುದೋದ ತ್ಸುಬಾವೂ ಬರುತ್ತದೆ, ನಮ್ಮ ಕೊರೆಯುವವರ ಕೈಗೆ ಕೊಡಬೇಕೆಂದು ನನ್ನ ಕೋರಿಕೆ. ಆ ಹುಡುಗ ಮೊನ್ನೆ ಫೋನಿನಲ್ಲಿ ಒಂದೇ ಮಾತು ಹೇಳಿದ: ಅಂಗಡಿಯ ತಯಾರು ಮಾಲು ತೋರಿಸಬೇಡಿ, ಅರ್ಧ ಕೊರೆದು ಬಿಟ್ಟದ್ದಿದ್ದರೆ ತೆಗೆದಿಡಿಸಿ.